ಗೋಡೆ ಕೆಡುವುದು ಒಣಗುವಾಗ

ಮಾರ್ಚ್ ೪, ಮಂಗಳವಾರ

ಅಕ್ಕ ಬಂದಿದ್ದಾಳೆ. ಕೈಯಲ್ಲಿ ಒಂದು ಚೀಲ, ಅದರಲ್ಲಿ ನಾಲ್ಕು ಬಟ್ಟೆ. ಬಾಗಿಲಲ್ಲಿ ನಿಂತಿದ್ದ ರೀತಿ ನೋಡಿ ಯಾರೋ ವಿಳಾಸ ಕೇಳಲು ಬಂದವರು ಅಂದುಕೊಂಡೆ. ಊಟಕ್ಕೆ ಕೂತ ಮೇಲೆ ನಿಧಾನವಾಗಿ ಬಾಯಿ ಬಿಟ್ಟಳು. ಒಲೆ ಆರಿಸಲು ಮರೆತದ್ದಕ್ಕೆ ಶುರುವಾದ ಜಗಳವಂತೆ. ಭಾವ ಸಿಟ್ಟಿನ ಭರದಲ್ಲಿ "ನಿನ್ನ ಮುಖ ನೋಡೋಕಾಗಲ್ಲ, ಎಲ್ಲಿಗಾದ್ರೂ ಹೋಗು" ಅಂದರಂತೆ. ಇವಳು ಫೋನನ್ನು ಅವರ ಮುಂದೆಯೇ ಮೇಜಿನ ಮೇಲಿಟ್ಟು ಹೊರಟೇಬಿಟ್ಟಳಂತೆ. ಇಷ್ಟು ವರ್ಷ ಸಂಸಾರ ಮಾಡಿದವರು ಮಕ್ಕಳ ಹಾಗೆ ಆಡಿದ್ದಾರೆ.

"ನಾನು ಫೋನ್ ಮಾಡ್ಲಾ ಭಾವಂಗೆ?" ಎಂದೆ.

"ನನ್ನಾಣೆ ಮಾಡಬೇಡ. ಹೋಗು ಅಂದೋರು ಅವರು. ಬಾ ಅನ್ನೋದೂ ಅವರೇ ಅನ್ನಬೇಕು. ಒಂದು ಮಾತು ಸಾಕು ಕಣೇ ಪುಟ್ಟಿ, ಎದ್ದು ಹೋಗ್ತೀನಿ. ಕರೀದೆ ಮಾತ್ರ ಹೋಗಲ್ಲ."

ಪಾಪ, ಕಣ್ಣು ಊದಿಕೊಂಡಿದೆ. ನನ್ನ ಮಂಚ ಅವಳಿಗೆ ಕೊಟ್ಟು ನಾನು ಕೆಳಗೆ ಹಾಸಿಕೊಂಡಿದ್ದೇನೆ. ಈ ಎರಡು ಕೋಣೆಯಲ್ಲಿ ಇನ್ನೊಬ್ಬರ ಉಸಿರು ಕೇಳಿ ಎಷ್ಟು ಕಾಲವಾಯಿತೋ. ಅವಳಿಗೆ ಏನೂ ಆಗದ ಹಾಗೆ ನೋಡಿಕೊಳ್ಳಬೇಕು.

ಮಾರ್ಚ್ ೯, ಭಾನುವಾರ

ಅಕ್ಕ ಇಡೀ ದಿನ ಕಿಟಕಿಯ ಹತ್ತಿರ ಕೂತಿದ್ದಳು. ಬೀದಿಯಲ್ಲಿ ಸ್ಕೂಟರ್ ಸದ್ದಾದರೆ ಕತ್ತು ಉದ್ದ ಮಾಡುತ್ತಾಳೆ. ಮಾತು ಬದಲಿಸೋಣ ಎಂದು ನನ್ನ ಕೆಲಸದ ಬಗ್ಗೆ ಹೇಳತೊಡಗಿದೆ. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಕೇಳಿರಲಿಲ್ಲ.

ಮನೆ ಕಟ್ಟುವ ಸಾಮಾನುಗಳನ್ನು ಪರೀಕ್ಷೆ ಮಾಡುವ ಕಚೇರಿ ನಮ್ಮದು. ಹಿಂದೆ ದೊಡ್ಡ ಅಂಗಳ. ಅಲ್ಲಿ ಇಟ್ಟಿಗೆ, ಹೆಂಚು, ಗಾರೆಯ ತುಂಡು, ಮರದ ಪಟ್ಟಿ, ಬಣ್ಣ ಬಳಿದ ತಗಡು, ಕಂಬಿ ಹುದುಗಿಸಿದ ಕಾಂಕ್ರೀಟು ಎಲ್ಲವನ್ನೂ ಓರೆ ಸ್ಟ್ಯಾಂಡುಗಳ ಮೇಲೆ ವರ್ಷಗಟ್ಟಲೆ ಬಿಸಿಲು ಮಳೆಗೆ ಬಿಟ್ಟಿರುತ್ತೇವೆ. ಪ್ರತಿಯೊಂದರದೂ ಅಂಥದೇ ಇನ್ನೊಂದು ತುಂಡು ಕತ್ತಲೆ ಕಪಾಟಿನಲ್ಲಿರುತ್ತದೆ. ಹೊರಗಿನದನ್ನು ಒಳಗಿನದರ ಪಕ್ಕ ಇಟ್ಟು ಎಷ್ಟು ಕೆಟ್ಟಿದೆ ಎಂದು ದಾಖಲೆ ಮಾಡುವುದು ನನ್ನ ಕೆಲಸ. ನಿಯಮಗಳು ಮೂರು. ನೆರಳು ಮಾಡಬಾರದು, ಒರೆಸಬಾರದು, ಕನಿಕರ ತೋರಿಸಬಾರದು. ಮೂರನೆಯದು ಸಾಹೇಬರ ತಮಾಷೆ.

"ಅಯ್ಯೋ, ಸುಮ್ನೆ ನೋಡ್ತಾ ಇರೋದಾ? ಹಾಳಾಗ್ತಿದ್ರೂ?" ಎಂದಳು.

"ಹಾಳಾಗಲಿ ಅಂತಲೇ ಅಕ್ಕ ಇಟ್ಟಿರೋದು."

ಬಂದ ಮೇಲೆ ಮೊದಲ ಸಲ ನಕ್ಕಳು. "ಅಮ್ಮ ಇದ್ದಿದ್ರೆ ಏನನ್ನೋಳು ಗೊತ್ತಾ? ದೊಡ್ಡೋಳು ತೇಗ, ಚಿಕ್ಕೋಳು ಪ್ಯಾಕಿಂಗ್ ಹಲಗೆ, ಹಲಗೆಗೆ ತಕ್ಕ ಕೆಲಸಾನೇ ಸಿಕ್ಕಿದೆ ಅನ್ನೋಳು!"

ನಾನೂ ನಕ್ಕೆ. ಅಮ್ಮ ನೆಂಟರೆದುರು ಈ ಮಾತು ಹೇಳುತ್ತಿದ್ದದ್ದು ನಿಜ. ನಾನು ಮರೆತಿದ್ದೆ.

ಮಾರ್ಚ್ ೧೯, ಬುಧವಾರ

ಭಾವ ಬಂದಿದ್ದರು. ಮನೆಗಲ್ಲ, ಕಚೇರಿಯ ಅಂಗಳದ ಗೇಟಿಗೆ. ಗಡ್ಡ ಬಿಟ್ಟಿದ್ದಾರೆ, ಅಂಗಿಯ ಗುಂಡಿ ಮೇಲೆ ಕೆಳಗಾಗಿದೆ. ಹೇಗಿದ್ದಾಳೆ ಎಂದು ಕೇಳುವ ಮೊದಲೇ ಕಣ್ಣು ಒರೆಸಿಕೊಂಡರು.

"ಬುದ್ಧಿ ಇಲ್ದೆ ಅಂದುಬಿಟ್ಟೆ ಪುಟ್ಟಿ. ಮನೆಗೆ ಬಂದು ಕರೀಬಹುದು. ಆದ್ರೆ ಮುಖದ ಮೇಲೆ ಇಲ್ಲ ಅಂದ್ಬಿಟ್ರೆ ನಾನು ತಡ್ಕೊಳ್ಳಲ್ಲ. ನೀನು ಕೇಳಿ ನೋಡು. ಹೂಂ ಅಂದ್ರೆ ಅವತ್ತೇ ಬಂದು ಕರ್ಕೊಂಡು ಹೋಗ್ತೀನಿ."

"ಕೇಳ್ತೀನಿ ಭಾವ" ಎಂದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದೂ ಅನ್ನಬೇಕೆನಿಸಿತು, ಅನ್ನಲಿಲ್ಲ.

ಮನೆಗೆ ಬಂದರೆ ಅಕ್ಕ ಅಡುಗೆ ಮಾಡಿಟ್ಟು, ಮನೆ ಗುಡಿಸಿ, ನನ್ನ ಬಟ್ಟೆಗಳನ್ನೆಲ್ಲ ಮಡಿಚಿಟ್ಟಿದ್ದಳು. ಇಬ್ಬರೂ ಕೂತು ಹೊಟ್ಟೆ ತುಂಬ ಉಂಡೆವು. ಇಂಥ ಒಳ್ಳೆಯ ದಿನ ಯಾಕೆ ಕಲಕುವುದು? ನಾಳೆ ಹೇಳಿದರಾಯಿತು.

ಮಾರ್ಚ್ ೨೧

ಇವತ್ತೂ ಹೇಳಲಿಲ್ಲ. ಭಾವ ಇನ್ನೊಂದು ಸಲ ಹೋಗು ಅನ್ನುವುದಿಲ್ಲ ಎಂದು ಏನು ಗ್ಯಾರಂಟಿ? ಅಕ್ಕ ಸ್ವಲ್ಪ ಗಟ್ಟಿಯಾಗಲಿ.

ಏಪ್ರಿಲ್ ೨

ಅಕ್ಕ ಕೇಳಿದಳು. "ಅವರ ಸುದ್ದಿ ಏನಾದ್ರೂ ಕಿವಿಗೆ ಬಿತ್ತಾ?"

ಇಲ್ಲ ಎಂದೆ. ಒಂದು ಇಲ್ಲ ಹೇಳಲು ಎಷ್ಟು ಹೊತ್ತು ಬೇಕು? ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದುಬಿಟ್ಟಿತು. ನನಗೇ ಆಶ್ಚರ್ಯವಾಯಿತು.

ಏಪ್ರಿಲ್ ೧೦, ಗುರುವಾರ

ನಾನು ಊಟದ ಡಬ್ಬಿ ಮರೆತಿದ್ದೆ. ಅಕ್ಕ ತಂದುಕೊಡಲು ಬಂದಳು. ನಾನು ಸಾಹೇಬರ ಜೊತೆ ಒಳಗಿದ್ದೆ. ಕಾವಲಿನವನು "ಅಕ್ಕೋರು ತಾನೇ" ಎಂದು ಅಂಗಳಕ್ಕೆ ಬಿಟ್ಟಿದ್ದಾನೆ. ನಾನು ಹೊರಗೆ ಬಂದಾಗ ಅಕ್ಕ ಒಂದು ಒದ್ದೆ ಬಟ್ಟೆ ಹಿಡಿದು ಬಣ್ಣದ ತಗಡುಗಳನ್ನು ಒರೆಸುತ್ತಿದ್ದಳು. ಎರಡು ಸಾಲು ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದಳು.

"ಎಷ್ಟು ಧೂಳು ಕಣೇ ಪುಟ್ಟಿ! ಮುಟ್ಟಿದ್ರೆ ಕೈಗೆ ಬಿಳೀ ಪುಡಿ ಅಂಟುತ್ತೆ. ಹಕ್ಕಿ ಹಿಕ್ಕೆ ಬೇರೆ. ನೋಡು, ಹೇಗೆ ಹೊಳೀತಿದೆ ಈಗ!"

ಆ ಬಿಳಿ ಪುಡಿಯೇ ನನ್ನ ಆರು ವರ್ಷ. ಬಿಸಿಲು ಬಣ್ಣದ ಅಂಟನ್ನು ತಿಂದಾಗ ಬಣ್ಣವೇ ಪುಡಿಯಾಗಿ ಮೇಲೆ ಕೂರುತ್ತದೆ. ಅದು ಎಷ್ಟು ಕೂತಿದೆ ಎಂದು ನೋಡಿದರೆ ತಾನೇ ಬಣ್ಣ ಎಷ್ಟು ಸವೆದಿದೆ ಎಂದು ತಿಳಿಯುವುದು. ಒಂದು ಒದ್ದೆ ಬಟ್ಟೆ, ಎಲ್ಲ ಹೋಯಿತು.

ಸಾಹೇಬರು ಎಲ್ಲರೆದುರು ಕೂಗಾಡಿದರು. "ಇದೇನು ನಿಮ್ಮ ಮನೆ ಪಾತ್ರೆ ಸ್ಟ್ಯಾಂಡಾ? ಆ ಸಾಲುಗಳ ವರದಿಯಿಂದ ನಿಮ್ಮ ಹೆಸರು ತೆಗೀತೀನಿ." ಅಕ್ಕ ಗೇಟಿನ ಹತ್ತಿರ ಡಬ್ಬಿ ಹಿಡಿದು ನಿಂತಿದ್ದಳು. ಸಂಜೆ ಮನೆಯಲ್ಲಿ "ನಂಗೇನ್ ಗೊತ್ತು, ಕ್ಲೀನಾಗಿರಲಿ ಅಂತ ಮಾಡ್ದೆ" ಎಂದಳು. ಆಮೇಲೆ ಡಬ್ಬಿ ತೊಳೆಯುತ್ತ, "ಹಾಳಾಗಲಿ ಅಂತ ಇಟ್ಟಿದ್ದಕ್ಕೆ ಇಷ್ಟು ರಂಪಾನಾ?" ಎಂದು ನಕ್ಕಳು.

"ಪರವಾಗಿಲ್ಲ ಬಿಡಕ್ಕ" ಎಂದೆ.

ಏಪ್ರಿಲ್ ೧೧, ಶುಕ್ರವಾರ

ಇವತ್ತೇ ಬರಬೇಕಿತ್ತೇ ಈ ಭಾವ? ಅದೇ ಗೇಟು, ಅದೇ ಅಂಗಿ. ಒರೆಸಿದ ತಗಡುಗಳನ್ನು ನಾನು ಒಂದೊಂದಾಗಿ ಕೆಳಗಿಳಿಸುತ್ತಿದ್ದೆ.

"ಕೇಳ್ದೆಯಾ ಪುಟ್ಟಿ?"

"ಕೇಳ್ದೆ ಭಾವ. ನಿಮ್ಮ ಹೆಸರು ಎತ್ತಿದ್ರೆ ಎದ್ದು ಹೋಗ್ತಾಳೆ."

ಬಾಯಿಂದ ಹೇಗೆ ಬಂತೋ ಹಾಗೇ ಬರೆಯುತ್ತಿದ್ದೇನೆ. ಅವರು ಗೇಟಿನ ಸರಳು ಹಿಡಿದುಕೊಂಡರು. "ಒಂದು ಸಲಾನೂ ನೆನಪಿಸ್ಕೊಳ್ಳಲ್ವಾ?" ಎಂದರು. ಇಲ್ಲ ಎಂದು ತಲೆ ಆಡಿಸಿದೆ. ಹೋಗುವಾಗ ಸರಳಿನ ತುಕ್ಕು ಅವರ ಅಂಗೈಗೆಲ್ಲ ಮೆತ್ತಿಕೊಂಡಿತ್ತು, ನೋಡಿಕೊಳ್ಳಲೂ ಇಲ್ಲ. ಅಷ್ಟು ಪ್ರೀತಿಯಿದ್ದರೆ ನೆಟ್ಟಗೆ ಮನೆಗೆ ಬರಬಹುದಿತ್ತು. ತಪ್ಪು ಅವರದೇ.

ಮನೆಯಲ್ಲಿ ಅಕ್ಕ ಕಿಟಕಿಯಲ್ಲಿದ್ದಳು. ತಲೆ ಬಾಚಿಕೊಟ್ಟೆ.

ಮೇ ೨೦

ಹೊಸ ಸ್ಟ್ಯಾಂಡು ಮಾಡಲು ಬರುವ ಬಡಗಿ ಭಾವನ ಬೀದಿಯವನು. ಹಲಗೆಗೆ ಉಜ್ಜುಗೊರಡು ಹೊಡೆಯುತ್ತ ಹೇಳಿದ. ಭಾವನ ಮನೆಯಲ್ಲಿ ಈಗ ಬೇರೊಬ್ಬಳಿದ್ದಾಳಂತೆ. ಅವರ ಜೊತೆ ಕೆಲಸ ಮಾಡುವವಳಂತೆ, ಒಬ್ಬಂಟಿಯಂತೆ. "ನಿಮ್ಮಕ್ಕ ಬರಲ್ಲ ಅಂದ್ರಂತಲ್ಲ, ಗಂಡಸು ಎಷ್ಟು ದಿನ ಅಂತ ಒಬ್ನೇ ಬೇಯಿಸ್ಕೊಂಡು ತಿಂತಾನೆ?" ಎಂದ.

ಒಂದು ರೀತಿಯಲ್ಲಿ ಒಳ್ಳೆಯದಾಯಿತು. ಇನ್ನು ಹೇಳುವ ಪ್ರಶ್ನೆಯೇ ಇಲ್ಲ. ಈಗ ಹೇಳಿದರೆ ಅದು ಕ್ರೌರ್ಯವಾಗುತ್ತದೆ.

ಬಡಗಿ ಆರು ವರ್ಷ ಹೊರಗಿದ್ದ ಮರದ ಪಟ್ಟಿಯೊಂದನ್ನು ತೋರಿಸಿದ. ಮೇಲೆ ಬೂದಿ ಬಣ್ಣ. ಒಂದು ಎಳೆ ಕೆತ್ತಿದರೆ ಒಳಗೆ ಹೊಸ ಮರದ ಹಾಗೇ ಇದೆ. ಬಿಸಿಲು ಚರ್ಮ ದಾಟಿ ಒಳಗೆ ಹೋಗುವುದಿಲ್ಲ. ಮನೆಗೆ ಬಂದು ಅಕ್ಕನನ್ನು ನೋಡಿದೆ. ಕೆನ್ನೆ ಇಳಿದಿದೆ, ಕೂದಲು ಬೆಳ್ಳಗಾಗುತ್ತಿದೆ, ಆದರೂ ಸ್ಕೂಟರ್ ಸದ್ದಿಗೆ ಕಣ್ಣು ಈಗಲೂ ಮೊದಲ ದಿನದ ಹಾಗೇ ಅರಳುತ್ತದೆ. ಒಳಗೆ ಇನ್ನೂ ಏನೂ ಆಗಿಲ್ಲ.

ಮೇ ೨೯

ಬರೀ ಬಿಸಿಲಿಗೆ ಗಾರೆ ತಡೆಯುತ್ತದೆ, ಬರೀ ನೀರಿಗೂ ತಡೆಯುತ್ತದೆ. ನೆನೆಸಿ ಒಣಗಿಸಿ, ನೆನೆಸಿ ಒಣಗಿಸಿ ಮಾಡಿದರೆ ಬಿರಿಯುತ್ತದೆ. ನಿನ್ನೆ ಅಕ್ಕನಿಗೆ "ನಿನ್ನ ಹಾಗೆ ಅಡುಗೆ ಮಾಡೋರು ಇಲ್ಲ" ಎಂದೆ. ಅರಳಿದಳು. ಇವತ್ತು ತಟ್ಟೆ ಸರಿಸಿ "ಉಪ್ಪು ಹಾಕೋದೂ ಮರೆತೆಯಾ? ಭಾವ ಸುಮ್ನೆ ಅಂದಿಲ್ಲ" ಎಂದೆ. ನಿಜಕ್ಕೂ ಉಪ್ಪು ಕಡಿಮೆಯಿತ್ತೋ ಇಲ್ಲವೋ ಈಗ ನೆನಪಾಗುತ್ತಿಲ್ಲ.

ಒಳಗೆ ಹೋಗಿ ಅತ್ತಳು. ಆಮೇಲೆ ನಾನೇ ಹೋಗಿ ಸಮಾಧಾನ ಮಾಡಿದೆ. ಸಮಾಧಾನ ಮಾಡುವುದರಲ್ಲಿ ನನಗೆ ಒಳ್ಳೆಯ ಕೈಗುಣವಿದೆ, ಅದು ನನಗೆ ಗೊತ್ತೇ ಇರಲಿಲ್ಲ.

ಜೂನ್ ೧೫, ಭಾನುವಾರ

ನಮ್ಮ ಕಟ್ಟಡದ ಮೆಟ್ಟಿಲುಗಳಿಗೆ ಬಣ್ಣ ಹೊಡೆಸುತ್ತಿದ್ದಾರೆ. ಪೇಂಟರ್ ಒಬ್ಬಳು ಹೆಂಗಸು, ಜೊತೆಗೆ ನಾಲ್ಕು ಹೆಂಗಸರ ತಂಡ. ಎಲ್ಲರೂ ಅವಳನ್ನು ಪೇಂಟರಮ್ಮ ಎನ್ನುತ್ತಾರೆ. ಗಂಟಲು ಮೂರು ಮಹಡಿಗೆ ಕೇಳುತ್ತದೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನಮ್ಮ, ಸಿನಿಮಾ ನೋಡ್ದಂಗೆ ನೋಡ್ತೀಯ? ತಗೋ ಈ ಬ್ಲೇಡು, ಹಳೇ ಬಣ್ಣ ಕೆರಿ. ಸುಮ್ನೆ ನಿಂತ್ರೆ ನಿಂಗೂ ಒಂದು ಕೋಟ್ ಹೊಡೆದ್ಬಿಡ್ತೀನಿ!"

ಅಕ್ಕ ಬ್ಲೇಡು ತೆಗೆದುಕೊಂಡಳು. ಸಂಜೆಯವರೆಗೆ ಕೆರೆದಳು. ಒಳಗೆ ಬಂದಾಗ ಹುಬ್ಬಿನ ಮೇಲೆಲ್ಲ ಹಳೆ ಹಸಿರು ಬಣ್ಣದ ಚೂರು. ಕನ್ನಡಿ ನೋಡಿಕೊಂಡು ತಾನೇ ನಕ್ಕಳು. ಏನು ನಗು ಬಂತೋ.

ಜುಲೈ ೬, ಭಾನುವಾರ

ಈಗ ದಿನಾ ಪೇಂಟರಮ್ಮನ ಜೊತೆ ಹೋಗುತ್ತಾಳೆ. ಗೋಡೆಯ ಬಿರುಕಿಗೆ ಪಟ್ಟಿ ಮೆತ್ತುವುದು, ಉಜ್ಜುವುದು, ಪ್ರೈಮರ್ ಹೊಡೆಯುವುದು ಎಲ್ಲ ಕಲಿತಿದ್ದಾಳೆ. ತಿನ್ನುವುದು ಎರಡರಷ್ಟಾಗಿದೆ. ಏಣಿ ಹತ್ತುತ್ತಾಳಂತೆ, ನಾಲ್ಕು ಮೆಟ್ಟಿಲಿಗೆ ಏದುಸಿರು ಬಿಡುತ್ತಿದ್ದವಳು! ಇವತ್ತು ಕಿಟಕಿಯ ಹತ್ತಿರದ ಕುರ್ಚಿ ತೆಗೆದು ಅಡುಗೆಮನೆಗೆ ಹಾಕಿದಳು. "ಅಲ್ಲಿ ಸುಮ್ನೆ ಜಾಗ ಹಿಡ್ದಿತ್ತು" ಎಂದಳು.

ಸ್ಕೂಟರ್ ಸದ್ದಾಯಿತು. ಅವಳು ತಿರುಗಿಯೂ ನೋಡಲಿಲ್ಲ. ನಾನು ನೋಡಿದೆ.

ಜುಲೈ ೧೭

ಅಂಗಳದಲ್ಲಿ ಉಪ್ಪು ನೀರು ಕುಡಿಸಿದ ಇಟ್ಟಿಗೆಗಳ ಸಾಲೊಂದಿದೆ. ಮಳೆಯಲ್ಲಿ ನೆನೆದಷ್ಟು ದಿನ ಕೆಂಪಗೆ ಕಲ್ಲಿನ ಹಾಗೆ ಕೂತಿದ್ದವು. ನಾಲ್ಕು ದಿನ ಬಿಸಿಲು ಬಿತ್ತು, ಮೈಯೆಲ್ಲ ಬಿಳಿ ಉಪ್ಪು ಅರಳಿ ಮುಖ ಪದರ ಪದರವಾಗಿ ಉದುರುತ್ತಿದೆ. ಹೊಸದಾಗಿ ಸೇರಿದ ಹುಡುಗಿ "ಮೇಡಂ, ಒಣಗಿದ ಮೇಲೆ ಸರಿಯಾಗಬೇಕಲ್ವಾ?" ಎಂದಳು. ಎಲ್ಲರೂ ಹಾಗೇ ತಿಳಿಯುತ್ತಾರೆ. ಗೋಡೆ ಕೆಡುವುದು ನೆನೆದಾಗಲ್ಲ, ಒಣಗುವಾಗ. ಒಳಗಿನ ಉಪ್ಪು ಹೊರಗೆ ಬರುವುದು ಆಗಲೇ. ಇದನ್ನು ಅವಳಿಗೆ ತುಂಬ ಹೊತ್ತು ವಿವರಿಸಿದೆ. ಈಚೆಗೆ ಇಷ್ಟು ಉತ್ಸಾಹದಿಂದ ಮಾತಾಡಿರಲಿಲ್ಲ.

ಮನೆಯಲ್ಲಿ ಅಕ್ಕ ಹಾಡು ಗುನುಗುತ್ತ ಬ್ರಷ್ ತೊಳೆಯುತ್ತಿದ್ದಳು. ಅಡುಗೆ ಆಗಿರಲಿಲ್ಲ.

ಆಗಸ್ಟ್ ೧, ಶುಕ್ರವಾರ

ಹೋಗುತ್ತಾಳಂತೆ. ಪೇಂಟರಮ್ಮನಿಗೆ ಬೇರೆ ಊರಿನಲ್ಲಿ ದೊಡ್ಡ ಶಾಲೆಯೊಂದರ ಕೆಲಸ ಸಿಕ್ಕಿದೆ. ಅಲ್ಲೇ ಉಳಿಯಲು ಕೋಣೆ ಕೊಡುತ್ತಾರಂತೆ. ಅದು ಮುಗಿದರೆ ಇನ್ನೊಂದು ಊರು. ಸೋಮವಾರ ಬೆಳಿಗ್ಗೆ ವ್ಯಾನು.

"ಎಷ್ಟು ದಿನ ಅಂತ ನಿನ್ನ ತಲೆ ಮೇಲೆ ಕೂರ್ಲಿ? ಅವರ ದಾರಿ ಕಾದಿದ್ದು ಸಾಕು ಪುಟ್ಟಿ. ಕರೀಲಿಲ್ಲ, ಬಿಟ್ಟಾಕು. ಅವರಿಗೆ ನಾನು ಬೇಡ ಅಂತ ಗೊತ್ತಾದ ಮೇಲೆ ಒಂಥರಾ ಹಗುರ ಆಗಿದೆ ಕಣೇ. ಇನ್ನೇನೂ ಕಾಯೋಕಿಲ್ಲ ನೋಡು."

"ನಾನು?" ಎಂದೆ.

"ನಿಂಗೇನು, ನೀನು ಮೊದ್ಲಿಂದ ಒಬ್ಳೇ ಇದ್ದೋಳು. ನಿಂಗೆ ಅಭ್ಯಾಸ."

ಅಷ್ಟೇ. ಅವಳು ಚೀಲ ಕೊಡವಿದಳು. ನಾನು ಈಗಲೂ ಕೆಳಗೇ ಮಲಗುತ್ತೇನೆ, ಮಂಚ ಅವಳದೇ. ಅದನ್ನೂ ಗಮನಿಸಿಲ್ಲ.

ಆಗಸ್ಟ್ ೩, ಭಾನುವಾರ

ಹೇಳಿದೆ.

ಮಧ್ಯಾಹ್ನ ಅಕ್ಕ ಬ್ರಷ್‌ಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ನಾನು ಪಕ್ಕ ಕೂತು, ತುಂಬ ಮೆತ್ತಗೆ, "ಅಕ್ಕ, ಭಾವ ಬಂದಿದ್ರು" ಎಂದೆ.

"ಯಾವಾಗ?"

"ಮಾರ್ಚಲ್ಲಿ. ಆಮೇಲೆ ಏಪ್ರಿಲಲ್ಲಿ ಇನ್ನೊಂದು ಸಲ. ನಿನ್ನ ಕರ್ಕೊಂಡು ಹೋಗೋಕೆ. ತಪ್ಪಾಯ್ತು ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು."

ಬ್ರಷ್ ಕೆಳಗಿಟ್ಟಳು. "ನಾನು ಕಿಟಕೀಲಿ ಕೂತಿದ್ನಲ್ಲ, ಆಗ್ಲಾ?"

"ಆಗ್ಲೇ."

ಅವಳ ಮುಖದ ಬಣ್ಣ ಬದಲಾಗುವುದನ್ನು ನಾನು ನೋಡುತ್ತಿದ್ದೆ. ಮೊದಲು ಬಿಳಿಚಿತು. ಆಮೇಲೆ ಕೆನ್ನೆಗೆ ರಕ್ತ ಬಂತು. ಈ ಎರಡು ತಿಂಗಳಲ್ಲಿ ಕಟ್ಟಿಕೊಂಡದ್ದೆಲ್ಲ ಒಂದೇ ಗಳಿಗೆಯಲ್ಲಿ ಕಳಚಿ ಒಳಗಿನ ಹಳೆಯ ಅಕ್ಕ ಹೊರಗೆ ಬಂದಳು.

"ಯಾಕೇ ಹೇಳ್ಲಿಲ್ಲ ನಂಗೆ?"

"ನೀನು ಗಟ್ಟಿಯಾಗ್ಲಿ ಅಂತ ಕಾದೆ. ಆಗ ನಿನ್ನ ಸ್ಥಿತಿ ಹೇಗಿತ್ತು ಹೇಳು?"

ಬಯ್ಯುತ್ತಾಳೆ, ಹೊಡೆದರೂ ಹೊಡೆಯಬಹುದು ಎಂದು ಕಾದೆ. ಅವಳು ನನ್ನನ್ನು ತಬ್ಬಿಕೊಂಡಳು. "ಕರೆದ್ರಾ? ನಿಜವಾಗ್ಲೂ ಕರೆದ್ರಾ? ಈಗ್ಲಾದ್ರೂ ಹೇಳಿದ್ಯಲ್ಲ, ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದು ಅತ್ತಳು. ನನ್ನ ಹೆಗಲೆಲ್ಲ ಒದ್ದೆಯಾಯಿತು. ಶಾಲೆಯ ಕೆಲಸಕ್ಕೆ ಹೋಗುವುದಿಲ್ಲವಂತೆ. ನಾಳೆಯೇ ಭಾವನ ಹತ್ತಿರ ಹೋಗುತ್ತಾಳಂತೆ.

ಮನೆಯಲ್ಲಿರುವ ಆ ಇನ್ನೊಬ್ಬಳ ವಿಷಯ ಅವಳು ಕೇಳಲಿಲ್ಲ. ಕೇಳದ್ದನ್ನು ನಾನೇಕೆ ಹೇಳಲಿ?

ಆಗಸ್ಟ್ ೪, ಸೋಮವಾರ, ಬೆಳಿಗ್ಗೆ

ವ್ಯಾನು ಬಂತು. ಪೇಂಟರಮ್ಮ ಕೆಳಗಿನಿಂದ ಕೂಗಿದಳು. ಅಕ್ಕ ಮೆಟ್ಟಿಲಿಳಿದು ಹೋಗಿ, "ನಮ್ಮನೆಯೋರು ಕರೆದಿದ್ದಾರೆ ಅಮ್ಮ" ಎಂದು ಹೇಳಿ, ಬ್ರಷ್‌ಗಳನ್ನು ವಾಪಸ್ಸು ಕೊಟ್ಟಳು. ಪೇಂಟರಮ್ಮ ಅವಳ ಕೆನ್ನೆ ಚಿವುಟಿದಳು. "ಹೋಗು ತಾಯಿ, ಚೆನ್ನಾಗಿರು. ನಿನ್ನ ಜಾಗಕ್ಕೆ ಆ ಮೂಲೆಮನೆಯೋಳು ಕಾಯ್ತಾ ಇದ್ಲು, ಅವಳನ್ನೇ ಹತ್ತಿಸ್ಕೊಳ್ತೀನಿ." ಆಮೇಲೆ ಮೇಲಿದ್ದ ನನ್ನ ಕಡೆ ನೋಡಿ, "ಇದ್ರೆ ಇಂಥ ತಂಗಿ ಇರ್ಬೇಕು" ಎಂದು ಕೂಗಿದಳು. ಮೂರೂ ಮಹಡಿಗೆ ಕೇಳಿಸಿತು.

ಅಕ್ಕನಿಗೆ ನಾನೇ ತಲೆ ಬಾಚಿದೆ. ನನ್ನ ಹೊಸ ಬಟ್ಟೆ ಉಡಿಸಿದೆ. ಉಗುರಿನ ಸಂದಿಯ ಬಣ್ಣವನ್ನು ಸೀಮೆಎಣ್ಣೆ ಹಚ್ಚಿ ತೆಗೆದೆ. ಮದುವೆಯ ದಿನ ಹೇಗಿದ್ದಳೋ ಹಾಗೆ ಕಾಣುತ್ತಿದ್ದಳು. ಬೀದಿಯ ತಿರುವಿನಲ್ಲಿ ನಿಂತು ನನಗೆ ಕೈ ಬೀಸಿದಳು.

ಅದೇ ದಿನ, ಸಂಜೆ

ರಜೆ ಹಾಕಿ ಮನೆಯಲ್ಲೇ ಇದ್ದೆ. ಅಡುಗೆ ಇಬ್ಬರಿಗೆ ಮಾಡಿದೆ. ಕುರ್ಚಿಯನ್ನು ಮತ್ತೆ ಕಿಟಕಿಯ ಹತ್ತಿರ ಹಾಕಿಕೊಂಡು ಕೂತೆ.

ಬೀದಿಯ ತುದಿಯಲ್ಲಿ ಕಂಡಳು. ಗೋಡೆಗಳನ್ನು ಕೈಯಿಂದ ಮುಟ್ಟಿಕೊಂಡು ನಡೆಯುತ್ತಿದ್ದಳು. ಮೆಟ್ಟಿಲು ಹತ್ತಲು ಬಹಳ ಹೊತ್ತು ಹಿಡಿಯಿತು.

ಒಳಗೆ ಬಂದು ಗೋಡೆಗೆ ಒರಗಿ ನಿಂತಳು. "ಬಾಗಿಲು ತೆಗೆದಿದ್ದು ಅವಳು. 'ಯಾರು ಬೇಕಿತ್ತು? ನೀರು ಕುಡೀತೀರಾ?' ಅಂದ್ಲು. ನನ್ನ ಮನೇಲಿ. ನನ್ನನ್ನ."

ನಾನು ತಟ್ಟೆಗಳನ್ನು ಇಡುತ್ತಿದ್ದೆ.

"ಅವರು ಒಳಗಿಂದ ಬಂದು ನನ್ನ ನೋಡಿ ನೆಲಕ್ಕೆ ಕೂತ್ಬಿಟ್ರು. 'ನನ್ನ ಹೆಸರು ಎತ್ತಿದ್ರೆ ಎದ್ದು ಹೋಗ್ತೀಯಂತೆ, ಈಗ್ಯಾಕೆ ಬಂದೆ' ಅಂದ್ರು. ನಾನು ಹಾಗಂದೆ ಅಂತ ಯಾರು ಹೇಳಿದ್ದು ಅಂತ ಕೇಳ್ಲಿಲ್ಲ ಪುಟ್ಟಿ. ಕೇಳೋ ಅಗತ್ಯಾನೇ ಇರ್ಲಿಲ್ಲ."

ನನ್ನನ್ನೇ ನೋಡುತ್ತಿದ್ದಳು. ಏನಾದರೂ ಒಂದು ಮಾತು ಆಡಬಹುದಿತ್ತು. ಆದರೆ ಅಡುಗೆ ಆರುತ್ತಿತ್ತು.

"ಕೈ ತೊಳ್ಕೊಂಡು ಬಾ ಅಕ್ಕ" ಎಂದೆ.

ಅವಳು ಬಾಗಿಲ ಕಡೆ ನೋಡಿದಳು. ಕೆಳಗೆ ವ್ಯಾನು ಇರಲಿಲ್ಲ, ಅದು ಬೆಳಿಗ್ಗೆಯೇ ಹೋಗಿಯಾಗಿತ್ತು. ಆಮೇಲೆ ಹೋಗಿ ಕೈ ತೊಳೆದುಕೊಂಡು ಬಂದು ನನ್ನೆದುರು ಕೂತಳು. ನಾನು ಬಡಿಸಿದೆ. ಉಪ್ಪು ಸಾಕಾ ಎಂದು ಕೇಳಿದೆ. ಸಾಕು ಎಂದಳು. ಎರಡು ತುತ್ತು ತಿಂದಳು, ಮೂರನೆಯದನ್ನು ನಾನೇ ಕಲಸಿ ಬಾಯಿಗಿಟ್ಟೆ. ನುಂಗಿದಳು.

ಈಗ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ನಾಳೆಯೂ ರಜೆ ಹಾಕಬೇಕು, ಇಂಥ ಸ್ಥಿತಿಯಲ್ಲಿ ಅವಳನ್ನು ಒಬ್ಬಳನ್ನೇ ಬಿಡುವುದು ಸರಿಯಲ್ಲ. ಪಾಪ, ನನ್ನನ್ನು ಬಿಟ್ಟರೆ ಅವಳಿಗೆ ಇನ್ಯಾರಿದ್ದಾರೆ.